ಸೂರ್ಯನ ಮಾತು ಕೇಳದ ಸಂಜೆಮಲ್ಲಿಗೆ

ಗುದ್ದಲಿ ಕೆಳಗಿಡು, ಧಾತ್ರಿ. ನಿನ್ನ ಹಳದಿ ಪಾತಿಯಲ್ಲಿ ಕೆಂಪು ಹೂ ಬಿಟ್ಟಿತು ಅಂತ ಗಿಡವನ್ನೇ ಕೀಳುತ್ತೀಯಾ? ಮೊದಲು ಈ ಅಜ್ಜಿ ಹೇಳುವುದನ್ನು ಕೇಳು.

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ ಅದು. ಹೂದೋಟಕ್ಕೆಲ್ಲ ಸೂರ್ಯನೇ ಯಜಮಾನ. ಅವನು ಮುಟ್ಟಿದರೆ ಮಾತ್ರ ಮೊಗ್ಗು ಅರಳುತ್ತಿತ್ತು. ಅವನಿಗೋ ಎಲ್ಲವೂ ಒಪ್ಪವಾಗಿರಬೇಕು. ಕೆಂಪು ಹೂವಿಗೆ ಕೆಂಪು ಪಾತಿ, ಹಳದಿ ಹೂವಿಗೆ ಹಳದಿ ಪಾತಿ, ನಡುವೆ ಮಣ್ಣಿನ ಬದು. ಬದು ದಾಟಿದರೆ ಜೋಕೆ!

ಆ ಬದುವಿನ ಮೇಲೆಯೇ ಒಂದು ಗಿಡ ಹುಟ್ಟಿತು. ಅದಕ್ಕಿನ್ನೂ ಹೆಸರಿರಲಿಲ್ಲ. ಕೆಂಪು ಪಾತಿಯವರು "ಬಾರೇ ತಂಗಿ" ಎಂದು ನೀರು ಕೊಟ್ಟರು. ಹಳದಿ ಪಾತಿಯವರೂ "ಬಾರೇ ತಂಗಿ" ಎಂದು ನೀರು ಕೊಟ್ಟರು. ಗಿಡ ಎರಡೂ ಕಡೆ ಬೇರು ಬಿಟ್ಟು ಕುಡಿಯಿತು. ಒಂದೇ ಗಿಡದಲ್ಲಿ ಕೆಂಪು ಮೊಗ್ಗೂ ಬಂತು, ಹಳದಿ ಮೊಗ್ಗೂ ಬಂತು.

ಸೂರ್ಯ ನೋಡಿದ. ಮೈ ಉರಿದುಹೋಯಿತು.

"ಏಯ್, ನೀನು ಯಾವ ಪಾತಿಯವಳು?"

"ಎರಡೂ ಪಾತಿಯವಳು."

"ಒಂದು ಬಣ್ಣ ಇಟ್ಕೋ, ಇನ್ನೊಂದು ಉದುರಿಸು. ಇಲ್ಲದಿದ್ರೆ ನಿನ್ನ ಒಂದು ಮೊಗ್ಗನ್ನೂ ನಾನು ಮುಟ್ಟೋದಿಲ್ಲ!"

ಮೊಗ್ಗು ಅರಳದಿದ್ದರೆ ಬೀಜವಿಲ್ಲ. ಬೀಜವಿಲ್ಲದಿದ್ದರೆ ವಂಶವೇ ಇಲ್ಲ. ಗಿಡಕ್ಕೆ ಭಯವಾಯಿತು, ಪಾಪ. ಆದರೂ ತಲೆ ಬಗ್ಗಿಸಲಿಲ್ಲ.

"ಮುಟ್ಟಬೇಡ ಹೋಗು. ನೀರು ಕೊಟ್ಟು ಸಾಕಿದವರಲ್ಲಿ ಯಾರನ್ನೂ ನಾನು ಬಿಡೋದಿಲ್ಲ. ನೀನು ಹೋದ ಮೇಲೆ ನಾನೇ ಅರಳ್ತೀನಿ!"

ಈ ಮಾತು ಕೇಳಿ ಗಾಳಿ ಓಡಿ ಬಂತು.

"ಹುಚ್ಚಿ, ಕತ್ತಲಲ್ಲಿ ನಿನ್ನನ್ನ ಯಾರೇ ನೋಡ್ತಾರೆ?"

"ಪರಿಮಳ ಕೊಡ್ತೀನಿ, ಹೊತ್ಕೊಂಡು ಹೋಗು. ಬೇಕಾದವರು ಹುಡುಕ್ಕೊಂಡು ಬರ್ತಾರೆ."

ಬಿಸಿಲಿಳಿಯುವವರೆಗೆ ಗಿಡ ಹಲ್ಲು ಕಚ್ಚಿ ನಿಂತಿತು. ಸೂರ್ಯ ಬೆಟ್ಟದ ಆಚೆಗೆ ಕಾಲಿಟ್ಟ. ಆಗ ಅದು ಉಸಿರು ಬಿಗಿಹಿಡಿದು ತಳ್ಳಿತು, ತಳ್ಳಿತು, ಮತ್ತೂ ತಳ್ಳಿತು. ಪಟ್! ಕೆಂಪು ಅರಳಿತು. ಪಟ್! ಹಳದಿ ಅರಳಿತು. ಕೊನೆಯ ಮೊಗ್ಗಂತೂ ಅರ್ಧ ಕೆಂಪು, ಅರ್ಧ ಹಳದಿಯಾಗಿ ಅರಳಿ ಸೂರ್ಯನನ್ನೇ ದಿಟ್ಟಿಸಿತು!

ಸೂರ್ಯ ಸಿಟ್ಟಿನಿಂದ ಕೆಂಪಗಾದ. ಆದರೆ ಇಳಿಯುತ್ತಿದ್ದವನು ಮತ್ತೆ ಹತ್ತಿ ಬರುವ ಹಾಗಿರಲಿಲ್ಲ. ಗಾಳಿ ಪರಿಮಳ ಹೊತ್ತು ನಡೆಯಿತು, ಪತಂಗಗಳು ಬಂದವು. ಬೆಳಿಗ್ಗೆ ಸೂರ್ಯ ಬೈಯಲು ಬಂದರೆ ಹೂಗಳೆಲ್ಲ ಮುದುಡಿಕೊಂಡಿದ್ದವು. ಸ್ವಲ್ಪ ದಿನಕ್ಕೆ ಮೆಣಸಿನ ಕಾಳಿನಂಥ ಕಪ್ಪು ಬೀಜಗಳು ಆ ಪಾತಿಗೂ ಈ ಪಾತಿಗೂ ಉರುಳಿಹೋದವು.

ಅದಕ್ಕೇ ಕಣೇ, ಇವತ್ತಿಗೂ ಸಂಜೆಮಲ್ಲಿಗೆ ಹೊತ್ತಿಳಿದ ಮೇಲೆಯೇ ಒಂದೇ ಗಿಡದಲ್ಲಿ ಎರಡು ಬಣ್ಣ ಅರಳಿಸುತ್ತದೆ. ಸೂರ್ಯನಿಗೇ ಹೆದರದವಳು ನಿನ್ನ ಗುದ್ದಲಿಗೆ ಹೆದರುತ್ತಾಳೆಯೇ?