ಬೋರಲಿಂಗ ಸೇವಂತಿಗೆ ಸಾಕಿದ್ದು

“ಮತ್ತೆ ಕರೆದೆಯಾ? ಮುದ್ದೆ ತೊಳಸುವಾಗ ಕರೀಬೇಡ ಅಂತ ಎಷ್ಟು ಸಲ ಹೇಳಲೋ? ನಿನ್ನ ದೆಸೆಯಿಂದ ಈ ಮನೇಲಿ ಗಂಟಿಲ್ಲದ ಮುದ್ದೆ ತಿಂದು ತಿಂಗಳಾಯ್ತು!”

ಚಿಕ್ಕತಾಯಮ್ಮ ಹೀಗೆ ಕೂಗಿದ್ದು ತನ್ನ ಒಬ್ಬನೇ ಮಗ ಬೋರಲಿಂಗನಿಗೆ. ಇಪ್ಪತ್ತು ತುಂಬಿದ ಗಂಡಾಳು. ಎತ್ತರ ಬಾಗಿಲಷ್ಟು, ಬುದ್ಧಿ ಹೊಸಿಲಷ್ಟು.

“ಮಾವನ ಮನೆಗೆ ಹೋಗು ಅಂದೆಯಲ್ಲಮ್ಮ, ವಾಪಸ್ಸು ಬರಬೇಕಾ ಅಂತ ಕೇಳೋಣ ಅಂತ ಬಂದೆ.”

“ನೀನು ಬರದಿದ್ದರೆ ಸೇವಂತಿಗೆ ಸಸಿ ತಾವೇ ನಡಕೊಂಡು ಬರ್ತವೇನೋ?”

ಸಂಗತಿ ಇಷ್ಟು. ಅವಳ ತವರಿನ ಹಿತ್ತಲಲ್ಲಿ ಅವಳವ್ವ ಬೆಳೆಸಿದ ಹಳದಿ ಸೇವಂತಿಗೆ ಇತ್ತು. ರಸ್ತೆ ಅಗಲ ಮಾಡುವವರು ಸೋಮವಾರ ಆ ಹಿತ್ತಲನ್ನು ಅಗೆಯುವವರಿದ್ದರು. ಅಷ್ಟರೊಳಗೆ ಬೇರುಸಮೇತ ಕಿತ್ತು ತಂದರೆ ಉಂಟು, ಇಲ್ಲವಾದರೆ ಅವ್ವನ ಹೂವು ಇನ್ನಿಲ್ಲ. ಇಂಥ ನಾಜೂಕಿನ ಕೆಲಸಕ್ಕೆ ಅವಳಿಗೆ ಸಿಕ್ಕ ಮಹಾಶಯ ಬೋರಲಿಂಗ!

“ಬೇರಿನ ಮಣ್ಣು ಒದರಿ ತಾ, ಹೊರೋಕೆ ಹಗುರ” ಅಂದಳು. ಒದರಿದ. ಮೂರು ಮೈಲಿ ಬಿಸಿಲಲ್ಲಿ ಒದರುತ್ತಲೇ ಬಂದ. ಹನ್ನೆರಡು ಸಸಿಯಲ್ಲಿ ನಾಲ್ಕು ಹಪ್ಪಳವಾಗಿದ್ದವು.

“ನನ್ನ ಹೊಟ್ಟೇಲಿ ಹುಟ್ಟಿದ ಒರಳುಕಲ್ಲೇ! ಒದ್ದೆ ಗೋಣಿ ಸುತ್ತಿ, ನೆರಳಲ್ಲಿಟ್ಟು, ನೀರು ಚಿಮುಕಿಸಬೇಕು ಕಣೋ!”

“ಹಂಗೇ ಆಗಲಿ, ಅಮ್ಮ.”

ಮಾರನೇ ದಿನ ಸಸಿ ನೆಟ್ಟುಕೊಡಲು ಅವಳ ತಮ್ಮ ಕಾಳೇಗೌಡ ಬರುವವನಿದ್ದ. “ಮಾವನ್ನ ಬಸ್ಸಿಂದ ಕರಕೊಂಡು ಬಾ” ಅಂದಳು. ಕಾಳೇಗೌಡ ಬಡಕಲು, ಬೋರಲಿಂಗ ಗೂಳಿ. ಮಾವನಿಗೆ ಒದ್ದೆ ಗೋಣಿ ಸುತ್ತಿದ, ಹುಣಸೆಮರದಡಿ ಮಲಗಿಸಿದ, ಮೂತಿಗೆ ನೀರು ಚಿಮುಕಿಸುತ್ತಾ ಕೂತ.

“ಅಕ್ಕಾ! ನಿನ್ನ ಮಗ ನನ್ನ ಹೆಣ ಮಾಡ್ತಾವನೆ!”

ಅವಳು ಓಡಿ ಬಂದು ಬಿಡಿಸಿದಳು. ಮಾವ ಸೀನುತ್ತಾ ಬಂದ ಬಸ್ಸನ್ನೇ ಹತ್ತಿದ.

“ಹಾಳಾದವನೇ! ತವರಿಂದ ಬಂದವರನ್ನ ಕೂರಿಸಿ ಬಿಸಿಬಿಸಿ ಕಾಫಿ ಕೊಡಬೇಕು ಕಣೋ!”

“ಹಂಗೇ ಆಗಲಿ, ಅಮ್ಮ.”

ಸಂಜೆ ಅವಳು ನೀರಿಗೆ ಹೋಗಿ ಬರುವಷ್ಟರಲ್ಲಿ ಬೋರಲಿಂಗ ಉಳಿದ ಎಂಟು ಸಸಿಗಳನ್ನು ಮಣೆ ಮೇಲೆ ಸಾಲಾಗಿ ಕೂರಿಸಿದ್ದ. ನಾಲ್ಕಕ್ಕೆ ಕುದಿಯುವ ಕಾಫಿ ಆಗಿತ್ತು, ಐದನೆಯದಕ್ಕೆ ಲೋಟ ಬಗ್ಗಿಸುತ್ತಿದ್ದ.

“ಏನೋ ಇದು!”

“ಇವೂ ತವರಿಂದ ಬಂದವೇ ಅಲ್ವಾ? ಸಕ್ಕರೆ ಜಾಸ್ತೀನೇ ಹಾಕಿದೀನಿ.”

“ಆಹಾ, ಏನು ಮರ್ಯಾದೆ! ಚಕ್ಕುಲಿ ಕೊಡಲಿಲ್ಲವೇನಪ್ಪಾ?”

“ಡಬ್ಬ ಸಿಗಲಿಲ್ಲ.”

ಚಿಕ್ಕತಾಯಮ್ಮ ಉಳಿದ ನಾಲ್ಕನ್ನು ಕಸಿದುಕೊಂಡು ತಾನೇ ಗುಂಡಿ ತೋಡಿದಳು. ಬೇರನ್ನು ಬೆರಳಿನ ಹಾಗೆ ಹರಡಿ, ಗೊಬ್ಬರ ಬೆರೆಸಿದ ಮಣ್ಣು ತುಂಬಿ, ಅಂಗೈಯಿಂದ ಒತ್ತಿ, ತಣ್ಣೀರು ಹಾಕಿದಳು.

“ಇನ್ನು ಇದರ ಹತ್ತಿರ ಸುಳಿದರೆ ನೋಡು! ಜಗಲಿ ಮೇಲೆ ಕೂತು ಕಣ್ಣಲ್ಲೇ ಕಾಯಿ. ಬಾಯಿ ಬಿಡಬೇಡ!”

“ಹಂಗೇ ಆಗಲಿ, ಅಮ್ಮ.”

ಕಾದ. ತಿಂಗಳು ಕಾದ. ಸಸಿ ಚಿಗುರಿ ಗೇಣುದ್ದ ಬಂತು. ಒಂದು ಮಧ್ಯಾಹ್ನ ಪಕ್ಕದ ಮನೆಯ ಮೇಕೆ ಬೇಲಿ ನುಗ್ಗಿ ನಾಲ್ಕನ್ನೂ ನೆಲಮಟ್ಟ ಮೇಯ್ದು ಹೋಯಿತು. ಬೋರಲಿಂಗ ಕಣ್ಣು ಮಿಟುಕಿಸದೆ, ಬಾಯಿ ಬಿಡದೆ ನೋಡಿದ.

ಚಿಕ್ಕತಾಯಮ್ಮ ಎದೆ ಬಡಿದುಕೊಂಡಳು. ಬಗ್ಗಿ ಮಣ್ಣು ಕೆದಕಿ ನೋಡಿದಳು. ಬೇರು ಬೆಳ್ಳಗೆ, ಗಟ್ಟಿಯಾಗಿತ್ತು.

“ಬೇರಿದೆ, ಅಷ್ಟೇ ಪುಣ್ಯ. ಮತ್ತೆ ಚಿಗುರ್ತದೆ. ನನ್ನ ತವರಿನದು ಅಂತ ಉಳಿದಿರೋದು ಇಷ್ಟೇ ಕಣೋ. ಮೇಕೆ ಬಾಯಿಗೆ ಸಿಗದ ಹಾಗೆ ಜೋಪಾನ ಮಾಡು!”

“ಹಂಗೇ ಆಗಲಿ, ಅಮ್ಮ.”

ಮಾರನೇ ಬೆಳಿಗ್ಗೆ ಪಾತಿ ಬರಿದೋ ಬರಿದು. “ಎಲ್ಲೋ ಬೇರು?” ಅಂದರೆ “ಜೋಪಾನವಾಗಿದೆ” ಅಂದ. ಬೈದಳು, ಅತ್ತಳು, ಎರಡು ದಿನ ಮುದ್ದೆ ಕೊಡಲಿಲ್ಲ. ಮೂರನೇ ದಿನ ಅಟ್ಟದಿಂದ ತೊಟತೊಟ ನೀರು ತೊಟ್ಟಿಕ್ಕಿತು. ಏಣಿ ಹತ್ತಿ ಟ್ರಂಕಿನ ಮುಚ್ಚಳ ಎತ್ತಿದಳು.

ಒಳಗೆ ಅವಳವ್ವ ಮದುವೆಗೆ ಕೊಟ್ಟ ರೇಷ್ಮೆ ಸೀರೆ. ಸೀರೆ ತುಂಬ ಗೊಬ್ಬರದ ಮಣ್ಣು. ಬೇರುಗಳೆಲ್ಲ ಜರಿ ಅಂಚನ್ನು ಕಚ್ಚಿ ಹಿಡಿದಿದ್ದವು. ಮಣ್ಣಿನ ಮೇಲೆ ಸಾಸಿವೆಯಷ್ಟು ನಾಲ್ಕು ಹಸಿರು ಮೊಳಕೆ!

ಬೋರಲಿಂಗ ಏಣಿಯ ಕೆಳಗೆ ನಿಂತು ಕೇಳಿದ:

“ಸೀರೆ ಕಿತ್ತರೆ ಬೇರು ಹೋಗ್ತದೆ, ಬೇರು ಕಿತ್ತರೆ ಸೀರೆ ಹೋಗ್ತದೆ. ಎರಡೂ ನಿನ್ನ ತವರಿನದೇ. ಇನ್ನು ಯಾವುದನ್ನ ಜೋಪಾನ ಮಾಡಲಿ, ಅಮ್ಮ?”