ರಾಜೇಸಾಬನ ನಾಲ್ಕನೆಯ ಪೆಟ್ಟು

ಇಸವಿಯ ಲೆಕ್ಕ ಯಾರೂ ಇಡದ ಕಾಲದಲ್ಲಿ, ಬೆಳವಲದ ಒಂದು ಊರಿನಲ್ಲಿ, ರಾಜೇಸಾಬ ಎಂಬ ನಾಲಬಂದನಿದ್ದ. ಎತ್ತಿನ ಗೊರಸಿಗೆ ಕಬ್ಬಿಣದ ನಾಲು ಬಡಿಯುವುದು ಅವನ ಮನೆತನದ ಕಸುಬು. ಎತ್ತಿನ ಗೊರಸು ಸೀಳಿರುತ್ತದೆ. ಒಂದು ಕಾಲಿಗೆ ಎರಡು ನಾಲು ಬೇಕು. ಬೀದಿಯಲ್ಲಿ ಗಾಡಿ ಹೋದರೆ ರಾಜೇಸಾಬ ತಲೆ ಎತ್ತದೆ, ಸಪ್ಪಳ ಕೇಳಿಯೇ, ಅದು ಯಾರ ಎತ್ತು, ಯಾವ ಕಾಲಿನ ನಾಲು ಸಡಿಲಾಗಿದೆ ಎಂದು ಹೇಳುತ್ತಿದ್ದನಂತೆ.

ಆ ಊರಿಗೆ ಒಂದು ನಾಟಕ ಕಂಪನಿ ಬಂತು. ರಾಜೇಸಾಬ ಮಾತಿನಲ್ಲಿ ಬಲು ಚೂಟಿ. ಕಂಪನಿಯವರು ಅವನನ್ನು ಹಾಸ್ಯಗಾರನಾಗಿ ಸೇರಿಸಿಕೊಂಡರು. ಒಳಗೆ ಅರಮನೆಯ ಸೀನು ಬಿಚ್ಚಿ ಕಾಡಿನ ಸೀನು ಕಟ್ಟುವಷ್ಟು ಹೊತ್ತು ಪರದೆಯ ಮುಂದೆ ನಿಂತು ಜನರನ್ನು ನಗಿಸುವುದು ಅವನ ಕೆಲಸ. ಏಳು ವರ್ಷ ನಗಿಸಿದ. ಬರೀ ಕೆಮ್ಮಿದರೂ ಜನ ನಗುತ್ತಿದ್ದರಂತೆ.

ಎಂಟನೆಯ ವರ್ಷ ಜ್ವರ ಬಂತು. ಜ್ವರ ಇಳಿಯಿತು, ದನಿ ಮರಳಲಿಲ್ಲ. ಗಂಟಲಿನಿಂದ ಗಾಳಿಯಷ್ಟೇ ಬರುತ್ತಿತ್ತು. ಕಂಪನಿ ಆಗ ಅವನ ಊರಿನಲ್ಲೇ ಬೀಡು ಬಿಟ್ಟಿತ್ತು. ಯಜಮಾನ ಚೆನ್ನಬಸಯ್ಯ ಕೆಟ್ಟವನಲ್ಲ. ಆದರೂ ಹೇಳಿದ: "ಸಾಬ, ಇದೊಂದು ಆಟ ಮಾಡು. ಜನ ನಗಲಿಲ್ಲಂದ್ರ ನೀ ಇಲ್ಲೇ ಉಳಕೋ. ನಾ ಏನ್ ಮಾಡ್ಲಿ ಮತ್ತ?"

ರಾಜೇಸಾಬನಿಗೆ ಪರದೆಯ ಮುಂದಿನ ಆ ಮೂರು ಮೊಳ ಜಾಗದ ಹೊರತು ಬೇರೇನೂ ಬೇಡವಾಗಿತ್ತು. ಅಂದು ಮಧ್ಯಾಹ್ನ ತನ್ನ ಚಪ್ಪಲಿಗಳನ್ನು ಬೋರಲು ಹಾಕಿ, ಒಂದೊಂದಕ್ಕೆ ಎರಡೆರಡು ನಾಲು ಬಡಿದ: ತುದಿಗೊಂದು, ಹಿಮ್ಮಡಿಗೊಂದು.

ಸಂಜೆ ಪರದೆಯ ಮುಂದೆ ಹಲಗೆ ಹಾಸಿ ಅದರ ಮೇಲೆ ನಿಂತ. ಟಕ್, ಟಕ್, ಟಕ್, ಟಕ್. ನಾಲ್ಕು ನಾಲುಗಳಿಗೆ ನಾಲ್ಕು ಪೆಟ್ಟು. ಗೌಡರ ಬಿಳಿ ಎತ್ತು ಕೆರೆಯ ಏರಿ ಹತ್ತುವುದನ್ನು ಕಾಲಲ್ಲೇ ನುಡಿಸಿದ. ಹೊಸ ಸೊಸೆ ಅತ್ತೆಯ ಮುಂದೆ ಮೆಲ್ಲಗೆ ನಡೆದು, ಅತ್ತೆ ಮರೆಯಾದೊಡನೆ ಓಡುವುದನ್ನು ನುಡಿಸಿದ. ಜನ ನಗಲಿಲ್ಲ. ಅವನ ಮಾತಿಗಾಗಿ ಕಾಯುತ್ತ ಕುಳಿತಿದ್ದರು. ಪರದೆಯ ಸಂದಿಯಿಂದ ಚೆನ್ನಬಸಯ್ಯ ನೋಡುತ್ತಿದ್ದ.

ನಾಲು ಬಡಿದ ಮೇಲೆ ಮೊಳೆಯ ತುದಿಯನ್ನು ಮಡಚಬೇಕು. ಸಾವಿರ ಎತ್ತಿಗೆ ಮಡಚಿದವನು ಅಂದು ತನ್ನ ಎಡ ಹಿಮ್ಮಡಿಗೆ ಮರೆತಿದ್ದ. ನಾಲು ಕಳಚಿ ಹಾರಿತು. ಟಕ್, ಟಕ್, ಟಕ್. ನಾಲ್ಕನೆಯದು ಇಲ್ಲ.

ಅದು ರೈತರ ಊರು. ಆ ಸಪ್ಪಳ ಕೇಳಿ ಸುಮ್ಮನೆ ಕೂರುವುದು ಅವರಿಂದ ಆಗದು. ತುಕ್ಕಪ್ಪಜ್ಜ ಎಂಬ ಮುದುಕ ಎದ್ದೇಬಿಟ್ಟ: "ಏ ಸಾಬ! ಎತ್ತು ಕುಂಟಾಕತ್ತೈತಿ. ಎಡಗಾಲು, ಹಿಂದಿಂದು. ನಿಲ್ಲಸು ಗಾಡಿ!"

ಹೆಂಗಸರ ಸಾಲಿನಿಂದ ರಾಜೇಸಾಬನ ಹೆಂಡತಿ ಮೆಹಬೂಬಿ ಕೂಗಿದಳು: "ಊರ ಎತ್ತಿಗೆಲ್ಲಾ ಬಡೀತಾರ, ತಮ್ಮ ಕಾಲಿಗೆ ಬಡಕೊಳ್ಳಾಕ ಬರಂಗಿಲ್ಲ ನೋಡ್ರಿ ಯಜ್ಜಾ!"

ಡೇರೆಯ ಕಂಬ ಅಲುಗುವ ಹಾಗೆ ಜನ ನಕ್ಕರಂತೆ. ರಾಜೇಸಾಬ ಎತ್ತಿನ ಹಾಗೆ ಎಡಗಾಲು ಹಿಂದಕ್ಕೆತ್ತಿ, ಕತ್ತು ತಿರುಗಿಸಿ ನೋಡಿಕೊಂಡ. ಮತ್ತೆ ಮೂರು ಪೆಟ್ಟು ಹಾಕಿ ಸುಮ್ಮನೆ ನಿಂತ. ನಾಲ್ಕನೆಯದನ್ನು ಜನ ಕಾಲಿನಿಂದ ನೆಲಕ್ಕೆ ಬಡಿದರು. ಮತ್ತೆ ಮೂರು, ಮತ್ತೆ ಒಂದು. ಒಳಗೆ ಕಾಡು ಕಟ್ಟಿ ಎಷ್ಟೋ ಹೊತ್ತಾದರೂ ಪರದೆ ಏಳಲಿಲ್ಲ. ಪರದೆ ಎತ್ತಿಸಲು ಸೀಟಿ ಊದಬೇಕಾದ ಚೆನ್ನಬಸಯ್ಯನೂ ಒಳಗೆ ನಿಂತು ಕಾಲು ಬಡಿಯುತ್ತಿದ್ದನಂತೆ.

ಆಮೇಲೆ ಮೂವತ್ತು ವರ್ಷ ರಾಜೇಸಾಬ ಪರದೆಯ ಮುಂದೆ ಕುಣಿದ. ಆ ನಾಲ್ಕನೆಯ ನಾಲನ್ನು ಮತ್ತೆ ಬಡಿದುಕೊಳ್ಳಲಿಲ್ಲ. ಅವನು ಕುಣಿದರೆ ಮೂರು ಹರದಾರಿ ಆಚೆಯ ಎತ್ತುಗಳು ಕಿವಿ ನಿಮಿರಿಸುತ್ತಿದ್ದವು ಅಂತಾರೆ. ಅಷ್ಟು ನಿಜವೋ ಏನೋ, ಕೇಳಿದ್ದನ್ನು ಹೇಳಿದ್ದೇನೆ. ಮುಪ್ಪಿನಲ್ಲಿ ಮನೆಯ ಕಟ್ಟೆಯ ಮೇಲೆ ಕುಳಿತು ಕೋಲಿನಿಂದ ಮೂರು ಪೆಟ್ಟು ಹಾಕುತ್ತಿದ್ದ. ದಾರಿಯಲ್ಲಿ ಹೋಗುವವರು ಒಂದು ಹಾಕಿ ಮುಂದೆ ಹೋಗುತ್ತಿದ್ದರು. ಒಂದು ಮುಂಜಾನೆ ಕೋಲಿನ ಸಪ್ಪಳ ಕೇಳಲಿಲ್ಲ. ಹೊಲಕ್ಕೆ ಹೊರಟ ಗಾಡಿಗಳು ಆ ಕಟ್ಟೆಯ ಮುಂದೆ ತಾವಾಗಿಯೇ ನಿಂತವು ಅಂತಾರೆ.

ಈಗಲೂ ಆ ಊರಿನಲ್ಲಿ ನಾಟಕವಾದರೆ ಮೊದಲು ಪರದೆಯ ಮುಂದೆ ಒಂದು ಹಲಗೆ ಹಾಸುತ್ತಾರೆ. ಅದರ ಮೇಲೆ ಯಾರೂ ಕಾಲಿಡುವುದಿಲ್ಲ. ನಾಲಬಂದರ ಮನೆಯ ಹಿರಿಯರು ಬಂದು ಸುತ್ತಿಗೆಯಿಂದ ಮೂರು ಪೆಟ್ಟು ಹಾಕುತ್ತಾರೆ. ನಾಲ್ಕನೆಯದು ಜನರದು. ಹೋದ ವರ್ಷ ಪಕ್ಕದಲ್ಲಿ ಕುಳಿತಿದ್ದು ಈ ವರ್ಷ ಇಲ್ಲದವರ ಪಾಲನ್ನೂ ಸೇರಿಸಿ, ತುಸು ಜೋರಾಗಿಯೇ ಹಾಕುತ್ತಾರೆ.