ಬಸವನಹುಳು ದಾರಿಯನ್ನೇ ಬೆನ್ನಿಗೆ ಸುತ್ತಿಕೊಂಡದ್ದು

ಲೋಕ ಆಗಿನ್ನೂ ಹಸಿ. ಬೆಟ್ಟವನ್ನು ಮುಟ್ಟಿದರೆ ಬೆರಳಿನ ಗುರುತು ಬೀಳುತ್ತಿತ್ತು. ಯಾವ ಕಡೆ ಹರಿಯಬೇಕೆಂದು ಹೊಳೆಗಳು ತಮ್ಮತಮ್ಮಲ್ಲೇ ವಾದ ಹೂಡಿದ್ದವು. ಗಾಳಿ ಮಾತಾಡುತ್ತಿತ್ತು, ಕಲ್ಲು ಮಾತಾಡುತ್ತಿತ್ತು, ದಾರಿ ಮಾತ್ರ ತುಟಿಪಿಟಕ್ಕೆನ್ನದೆ ಬಿದ್ದುಕೊಂಡಿತ್ತು.

ಆ ಕಾಲದಲ್ಲಿ ಬಸವನಹುಳುವಿನ ಬೆನ್ನ ಮೇಲೆ ಏನೂ ಇರಲಿಲ್ಲ. ಚಿಪ್ಪು? ಚಿಪ್ಪಿನ ಚೂರೂ ಇರಲಿಲ್ಲ. ಮೆತ್ತಗಿನ ಬರಿಮೈ, ತಲೆಯ ಮೇಲೆ ಪುಟ್ಟ ಕೊಂಬು, ಅಷ್ಟೇ. ಕಾಲಂತೂ ಮೊದಲೇ ಇಲ್ಲ. ಅವಳ ಹೆಸರು ಮೆಲ್ಲವ್ವ.

ಆ ಬೇಸಿಗೆಯಲ್ಲಿ ಮೆಲ್ಲವ್ವನ ಹೊಟ್ಟೆ ತುಂಬ ಮೊಟ್ಟೆ. ಮೊಟ್ಟೆ ಇಡಬೇಕೆಂದರೆ ಒದ್ದೆ ಮಣ್ಣು ಬೇಕು. ಸೂರ್ಯನೋ ಹೊಸಬ, ಆಗತಾನೆ ಕೆಲಸಕ್ಕೆ ಸೇರಿದವನು. ಹೊಸಬರ ಹುರುಪು ಗೊತ್ತಲ್ಲ, ಎಷ್ಟು ಸುಡಬೇಕೋ ಅದಕ್ಕಿಂತ ಜಾಸ್ತಿಯೇ ಸುಡುತ್ತಿದ್ದ. ಮೆಲ್ಲವ್ವನಿದ್ದ ಕಡೆ ಮಣ್ಣೆಲ್ಲ ಒಣಗಿ ಬಿರುಕು ಬಿಟ್ಟಿತ್ತು. ಹೊಂಗೆ ಮರದಾಚೆ ಒಂದು ಕೆರೆಯಿದೆ, ಅಲ್ಲಿ ಮಣ್ಣಿನ್ನೂ ತಣ್ಣಗಿದೆ ಎಂದು ಗಾಳಿ ಬಂದು ಹೇಳಿತು. ಇವತ್ತೇ ಅಲ್ಲಿಗೆ ಮುಟ್ಟದಿದ್ದರೆ ಮೊಟ್ಟೆಗಳೂ ಉಳಿಯುವುದಿಲ್ಲ, ತಾನೂ ಉಳಿಯುವುದಿಲ್ಲ ಎಂದು ಮೆಲ್ಲವ್ವನಿಗೆ ಗೊತ್ತಾಯಿತು.

ಬೆಳಗಿನ ಇಬ್ಬನಿ ಆರುವ ಮೊದಲೇ ಅವಳು ಹೊರಟಳು. ಎದುರಿಗೆ ಸಿಕ್ಕಿದ ಮೊಲವನ್ನು ಕೆರೆ ಎಷ್ಟು ದೂರ ಎಂದು ಕೇಳಿದಳು.

"ಕೆರೆನಾ? ನಾಲ್ಕೇ ನಾಲ್ಕು ನೆಗೆತ ಕಣವ್ವಾ" ಎಂದಿತು ಮೊಲ.

ಆಗಿನ್ನೂ ಅಳತೆ ಎನ್ನುವುದೇ ಹುಟ್ಟಿರಲಿಲ್ಲ. ಗೇಣಿಲ್ಲ, ಮೊಳವಿಲ್ಲ, ಮೈಲಿಯ ಮಾತಂತೂ ದೂರವೇ ಉಳಿಯಿತು. ಎಷ್ಟು ದೂರ ಎಂದು ಕೇಳಿದರೆ ಎಲ್ಲರೂ ತಮ್ಮತಮ್ಮ ಹೆಜ್ಜೆಯಲ್ಲೇ ಹೇಳುತ್ತಿದ್ದರು. ಯಾರ ಹೆಜ್ಜೆ ಎಂದು ತಿರುಗಿ ಕೇಳುವ ಹಾಗಿರಲಿಲ್ಲ. ಕೇಳಿದರೆ, ನೀನು ಸುಳ್ಳು ಹೇಳುತ್ತಿದ್ದೀಯ ಎಂದು ಮುಖಕ್ಕೇ ಅಂದ ಹಾಗೆ. ಹಾಗೆಂದು ಯಾರೂ ಸುಳ್ಳು ಹೇಳುತ್ತಲೂ ಇರಲಿಲ್ಲ. ಎಲ್ಲರೂ ನಿಜವನ್ನೇ ಹೇಳುತ್ತಿದ್ದರು, ಫಜೀತಿಯಾಗುತ್ತಿದ್ದದ್ದು ಅದರಿಂದಲೇ.

ಮೆಲ್ಲವ್ವನಿಗೆ ಖುಷಿಯೋ ಖುಷಿ. ನಾಲ್ಕೇ ತಾನೆ! ಮೈಯನ್ನು ಉದ್ದಕ್ಕೆ ಚಾಚಿದಳು, ಕುಗ್ಗಿಸಿದಳು. ಒಂದಾಯಿತು. ಹಾಗೆ ನಾಲ್ಕು ಸಲ ಚಾಚಿ ಕುಗ್ಗಿಸಿ, ಕೊಂಬೆತ್ತಿ ಕೆರೆಗಾಗಿ ನೋಡಿದಳು. ಹೊರಟಾಗ ಪಕ್ಕದಲ್ಲಿದ್ದ ಬೆಣಚುಕಲ್ಲು ಇನ್ನೂ ಪಕ್ಕದಲ್ಲೇ ಇತ್ತು.

ಎಲ್ಲೋ ಲೆಕ್ಕ ತಪ್ಪಿದೆ ಎಂದುಕೊಂಡು ಮುಂದೆ ಹೋದಳು. ಆನೆಯಜ್ಜ ಬಂದ. ಅವನನ್ನು ಕೇಳಿದರೆ, ಒಂದು ಕಾಲು ಇಲ್ಲಿಟ್ಟರೆ ಇನ್ನೊಂದು ಕೆರೆಯಲ್ಲೇ ಎಂದ. ಆಗಿನ ಆನೆಗಳು ಈಗಿನವುಗಳ ಹಾಗಲ್ಲ, ಅವಕ್ಕೆ ಮೋಡ ಕಿವಿಗೆ ತಾಗುತ್ತಿತ್ತು. ಬೆಳ್ಳಕ್ಕಿಯನ್ನು ಕೇಳಿದರೆ, ದೂರ ಅಂದರೇನು ಎಂದು ಅವಳೇ ತಿರುಗಿ ಕೇಳಿದಳು. ರೆಕ್ಕೆ ಬಿಚ್ಚಿ ಮುಚ್ಚುವುದರೊಳಗೆ ಕೆರೆ ಬರುತ್ತದಂತೆ. ಕೊನೆಗೆ ಒಂದು ಇರುವೆ ಸಿಕ್ಕಿತು.

"ಕೆರೆಯಿಂದ ನಮ್ಮಜ್ಜಿ ಹೊರಟಿದ್ದು. ಇಲ್ಲಿಗೆ ಬಂದು ಮುಟ್ಟಿರೋಳು ನಾನು" ಎಂದಿತು ಇರುವೆ.

ಅಷ್ಟರಲ್ಲಿ ಸೂರ್ಯ ನೆತ್ತಿಯ ಹತ್ತಿರಕ್ಕೆ ಬಂದಿದ್ದ. ಮೆಲ್ಲವ್ವನ ಮೈಯ ಪಸೆ ಆರುತ್ತಿತ್ತು. ಅವಳಿಗೆ ಅಳು ಬಂತು, ಅಳುವುದಕ್ಕೆ ನೀರು ಸಾಲದೆ ಸಿಟ್ಟೂ ಬಂತು. ಇವರಲ್ಲಿ ಯಾರ ಮಾತನ್ನು ನಂಬುವುದು? ಬೇರೆ ಯಾರೂ ಸಿಗದೆ, ಬಗ್ಗಿ ದಾರಿಯನ್ನೇ ಕೇಳಿದಳು. "ನೀನಾದರೂ ಹೇಳಪ್ಪ, ನಿಜವಾಗ್ಲೂ ನೀನು ಎಷ್ಟು ಉದ್ದ?"

ಲೋಕ ಹುಟ್ಟಿದ ಮೇಲೆ ದಾರಿಯನ್ನೇ ಯಾರೂ ಕೇಳಿರಲಿಲ್ಲ, ನೋಡು. ಎಲ್ಲರೂ ಅದಕ್ಕೆ ಹೇಳಿ ಹೋಗುವವರೇ, ನೀನು ಇಷ್ಟು, ನೀನು ಅಷ್ಟು ಎಂದು. ಮೆಲ್ಲವ್ವನ ಹೊಟ್ಟೆಯಡಿಯಿಂದ ಒಂದು ದನಿ ಎದ್ದಿತು, ಮಾತಾಡಿ ಅಭ್ಯಾಸವಿಲ್ಲದ ತೊದಲು ದನಿ.

"ನನಗೂ ಗೊತ್ತಿಲ್ಲ ಕಣವ್ವಾ. ಮೊಲ ನನ್ನನ್ನು ಮುಟ್ಟೋದೇ ನಾಲ್ಕು ಕಡೆ. ನಡುವೆ ಇರೋದೂ ನಾನೇ ಅಲ್ವಾ? ಆನೆ ಒಂದು ಕಡೆ ತುಳಿದು ಹೋಗ್ತದೆ, ಬೆಳ್ಳಕ್ಕಿ ಮುಟ್ಟೋದೇ ಇಲ್ಲ. ಇರುವೆ ಕಾಲಿನ ನಡುವೆ ಕೂಡ ಸಂದು ಉಳಿದುಬಿಡ್ತದೆ. ಒಂದೊಂದ್ಸಲ ನಾನು ಇದ್ದೀನೋ ಇಲ್ವೋ ಅಂತ ನನಗೇ ಅನುಮಾನ ಬರ್ತದೆ."

"ನನಗೆ ಕಾಲೇ ಇಲ್ಲ" ಎಂದಳು ಮೆಲ್ಲವ್ವ, ನಾಚಿಕೆಯಿಂದ.

ದಾರಿಗೆ ಮೈಯೆಲ್ಲ ಜುಮ್ಮೆಂದಿತು. ಹೌದಲ್ಲ, ಕಾಲಿಲ್ಲ! ಬೆಳಿಗ್ಗೆಯಿಂದ ಯಾರೋ ತನ್ನನ್ನು ಒಂದಿಷ್ಟೂ ಬಿಡದೆ ಸವರಿಕೊಂಡು ಬರುತ್ತಿದ್ದರಲ್ಲ, ಅದು ಇವಳೇ. ಹಾಗಾದರೆ ಹೇಳು, ನಾನು ಹೇಗಿದ್ದೇನೆ ಹೇಳು ಎಂದು ದಾರಿ ಗೋಗರೆಯಿತು.

ಮೆಲ್ಲವ್ವ ತೆವಳುತ್ತ ತೆವಳುತ್ತ ಹೇಳತೊಡಗಿದಳು. ಮೊದಲು ನೀನು ಇಬ್ಬನಿಯಲ್ಲಿ ನೆನೆದು ತಣ್ಣಗಿದ್ದೆ. ಆಮೇಲೆ ಬೆಣಚುಕಲ್ಲಿನ ಪಕ್ಕ ಒಂದು ತಗ್ಗಿತ್ತು, ಅಲ್ಲಿ ನನ್ನ ಹೊಟ್ಟೆಗೆ ಕಚಗುಳಿಯಾಯಿತು. ಆಮೇಲೆ ಗರಿಕೆಯ ಬೇರು. ಆಮೇಲೆ ಒಂದು ತರಗೆಲೆಯ ನೆರಳು, ಅದರಡಿ ಯಾರದೋ ಕಳೆದುಹೋದ ರೆಕ್ಕೆ. ದಾರಿ ಉಸಿರು ಬಿಗಿಹಿಡಿದು ಕೇಳುತ್ತಿತ್ತು. ತನ್ನ ಮೈಮೇಲೆ ಇಷ್ಟೆಲ್ಲ ಇದೆಯೆಂದು ಅದಕ್ಕೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮಾತುಮಾತಿಗೂ "ಆಮೇಲೆ? ಆಮೇಲೆ?" ಎನ್ನುತ್ತಿತ್ತು.

ಹೀಗೆ ಹೇಳುತ್ತಿದ್ದಂತೆ ಮೆಲ್ಲವ್ವನ ದನಿ ಸಣ್ಣಗಾಯಿತು. ಕೊಂಬು ಬಾಗಿತು. ಮಾತು ಅರ್ಧಕ್ಕೆ ನಿಂತಿತು.

"ಆಮೇಲೆ?" ಎಂದಿತು ದಾರಿ.

ದಾರಿಗೆ ಜೀವವೇ ಬಾಯಿಗೆ ಬಂತು. ಇಡೀ ಲೋಕದಲ್ಲಿ ತನ್ನನ್ನು ಪೂರ್ತಿಯಾಗಿ ಬಲ್ಲವಳು ಇವಳೊಬ್ಬಳೇ, ಇವಳು ಒಣಗಿಹೋದರೆ ತನ್ನ ಕಥೆಯೂ ಅಲ್ಲಿಗೇ ಮುಗಿಯಿತು. ಒಂದು ಗಳಿಗೆ ನಿಲ್ಲಪ್ಪ ಎಂದು ಸೂರ್ಯನನ್ನು ಬೇಡಿತು. ಸೂರ್ಯ ಕೆಟ್ಟವನಲ್ಲ. ಆದರೆ ನಾನು ನಿಂತರೆ ಈ ಬಿಸಿಲು ಇಲ್ಲೇ ನಿಲ್ಲುತ್ತದೆ, ಸಂಜೆ ಬರುವುದೇ ಇಲ್ಲ ಎಂದ. ಮಾತು ಸರಿಯಾಗಿಯೇ ಇತ್ತು.

ಆಗ ದಾರಿ ಹಿಂದೆಂದೂ ಯಾವ ದಾರಿಯೂ ಮಾಡದ ಕೆಲಸ ಮಾಡಿತು. ಮೆಲ್ಲವ್ವ ನಡೆದು ಬಂದ ಉದ್ದಕ್ಕೂ ಬೆಳ್ಳಿಯ ಗೆರೆಯೊಂದು ಮಿನುಗುತ್ತಿತ್ತು, ಎಲ್ಲೂ ತುಂಡಾಗದ ಗೆರೆ. ದಾರಿ ಬೆಳಗಿನ ತುದಿಯಿಂದ ಅದನ್ನು ಮೆಲ್ಲಗೆ ಬಿಡಿಸಿಕೊಂಡು ಸುತ್ತತೊಡಗಿತು. ಮೊದಲು ಸಾಸಿವೆಯಷ್ಟು ಚಿಕ್ಕ ಸುತ್ತು. ಅದರ ಮೇಲೆ ಇನ್ನೊಂದು, ಅದಕ್ಕಿಂತ ಅಗಲ. ಅದರ ಮೇಲೆ ಮತ್ತೊಂದು. ಚಕ್ಕುಲಿ ಒತ್ತುವ ಹಾಗೆ ಸುತ್ತಿ ಸುತ್ತಿ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗಿನ ದಾರಿಯನ್ನೆಲ್ಲ ಹೆಬ್ಬೆರಳಿನಷ್ಟು ಜಾಗದಲ್ಲಿ ಸುತ್ತಿ, ಮೆಲ್ಲವ್ವನ ಬೆನ್ನ ಮೇಲಿಟ್ಟಿತು. ಬಿಸಿಲು ತಾಗಿದ್ದೇ ಅದು ಗಟ್ಟಿಯಾಯಿತು.

"ಒಳಗೆ ಹೋಗವ್ವಾ" ಎಂದಿತು ದಾರಿ. "ಹಿಂದಕ್ಕೆ ಹೋಗು. ಬೆಳಿಗ್ಗೆ ಅಲ್ಲೇ ಇದೆ."

ಮೆಲ್ಲವ್ವ ಕಣ್ಣು ಮುಚ್ಚಿ ಹಿಂದಕ್ಕೆ ಸರಿದಳು. ಹೊರಗಿನ ಸುತ್ತಿನಲ್ಲಿ ಮಧ್ಯಾಹ್ನದ ಉರಿ. ಅದನ್ನು ದಾಟಿದಳು, ತರಗೆಲೆಯ ನೆರಳು ಸಿಕ್ಕಿತು. ಇನ್ನೂ ಒಳಗೆ ಸರಿದಳು, ಗರಿಕೆಯ ವಾಸನೆ ಬಂತು. ಬೆಣಚುಕಲ್ಲಿನ ತಗ್ಗು ಬಂದು ಕಚಗುಳಿಯಿಟ್ಟಿತು. ಎಲ್ಲಕ್ಕಿಂತ ಒಳಗಿನ ಸಾಸಿವೆಯಷ್ಟು ಸುತ್ತಿಗೆ ತಲುಪಿದರೆ, ಏನು ಹೇಳುವುದು, ಅಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ಹೊರಗೆ ಸುಡು ಮಧ್ಯಾಹ್ನ, ಒಳಗೆ ತಂಪು ಬೆಳಿಗ್ಗೆ! ಮೆಲ್ಲವ್ವ ಹೊಟ್ಟೆಯ ಮೊಟ್ಟೆಗಳ ಸಮೇತ ಆ ಬೆಳಗಿನಲ್ಲಿ ಮುದುಡಿ ಮಲಗಿದಳು.

ಸೂರ್ಯ ಮೇಲಿನಿಂದ ಎಷ್ಟು ಹುಡುಕಿದರೂ ಅವಳು ಕಾಣಲಿಲ್ಲ. ತನ್ನ ಪಾಡಿಗೆ ತಾನು ಇಳಿದುಹೋದ.

ಸಂಜೆ ತಂಪಾದ ಮೇಲೆ ಕೊಂಬು ಮೊದಲು ಹೊರಗೆ ಬಂತು, ಆಮೇಲೆ ಮೆಲ್ಲವ್ವ. "ಆಮೇಲೆ?" ಎಂದು ಕಾಯುತ್ತಲೇ ಇತ್ತು ದಾರಿ. ಅವಳು ನಕ್ಕು, ಬಿಟ್ಟಲ್ಲಿಂದ ಕಥೆ ಮುಂದುವರಿಸಿದಳು. ಕಥೆ ಹೇಳುತ್ತ ಹೊಂಗೆ ಮರ ದಾಟಿದ್ದೂ ಅವಳಿಗೆ ತಿಳಿಯಲಿಲ್ಲ. ಹೊಟ್ಟೆಗೆ ಒದ್ದೆ ಮಣ್ಣು ತಾಗಿದಾಗಲೇ ಕೆರೆ ಬಂದದ್ದು ಗೊತ್ತಾಯಿತು. ಅಲ್ಲೇ ಮಣ್ಣು ಸರಿಸಿ, ಮುತ್ತಿನಂಥ ಮೊಟ್ಟೆಗಳನ್ನು ಒಂದೊಂದಾಗಿ ಇಟ್ಟಳು. ಅವಳಿಗೆ ಆಗ ಆದ ಸಂತೋಷ ಅಷ್ಟಿಷ್ಟಲ್ಲ.

ಮರಿಗಳು ಹೊರಬಂದಾಗ ಪ್ರತಿಯೊಂದರ ಬೆನ್ನ ಮೇಲೂ ಪುಟಾಣಿ ಚಿಪ್ಪೊಂದಿತ್ತು, ಸುತ್ತು ಇನ್ನೂ ಹೆಚ್ಚಿರಲಿಲ್ಲ. ಅವು ಇನ್ನೂ ಎಲ್ಲಿಗೂ ನಡೆದಿರಲಿಲ್ಲವಲ್ಲ. ನಡೆದ ಹಾಗೆಲ್ಲ ಸುತ್ತು ಬೆಳೆಯಿತು.

ಅದಕ್ಕೇ ಇವತ್ತಿಗೂ, ಮಳೆ ನಿಂತ ಮೇಲೆ ಹಿತ್ತಲ ಗೋಡೆಯ ಮೇಲೆ ಬಸವನಹುಳು ಹೋದಲ್ಲೆಲ್ಲ ತುಂಡಾಗದ ಬೆಳ್ಳಿ ಗೆರೆ ಕಾಣುತ್ತದೆ, ಬಿಸಿಲು ಬಂದರೆ ಹುಳು ತಟ್ಟನೆ ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆ. ಆಗ ನೀನು ಆ ಚಿಪ್ಪನ್ನು ಬಡಿಯಬೇಡ ಮರಿ, ಒಳಗೆ ಅದಕ್ಕಿನ್ನೂ ಬೆಳಗಾಗುತ್ತಿರುತ್ತದೆ.